ರೇಷನ್ ಅಂಗಡಿ ಕಟ್ಟೆಯಲ್ಲಿ ಬಿಪಿ ಗುಳಿಗೆ: ನನ್ನ ಅನುಭವ

ದೇವದುರ್ಗ ತಾಲ್ಲೂಕಿನ ನಮ್ಮ ಆರೋಗ್ಯ ಉಪಕೇಂದ್ರದಿಂದ ಈಗ ತಿಂಗಳಿಗೆ ಹೆಚ್ಚುಕಡಿಮೆ 220 ಜನ ಬಿಪಿ ಗುಳಿಗೆ ಒಯ್ಯುತ್ತಾರೆ. ಎರಡು ವರ್ಷದ ಹಿಂದೆ ಅದು 80-90 ದಾಟುತ್ತಿರಲಿಲ್ಲ. ರಿಜಿಸ್ಟರ್‌ನಲ್ಲಿ ಹೆಸರು ಆಗಲೂ 300ರ ಹತ್ತಿರ ಇದ್ದವು. ರೇಷನ್ ಅಂಗಡಿ ಮುಂದೆ ಕೂತು ಕೊಡುತ್ತೇನೆ ಅಂದಾಗ ಬೇಡ ಅಂದವರೇ ಜಾಸ್ತಿ. ಈಗ ಅಕ್ಕಪಕ್ಕದ ಉಪಕೇಂದ್ರಗಳ ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು) ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಸಿಬ್ಯಾಕ್ ಫಾರ್ಮ್ (ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಯಾರಿಗಿದೆ ಅಂತ ಕೇಳಿ ಬರೆಯುವುದು) ತುಂಬುವುದು, ಆ್ಯಪ್‌ಗೆ ಹಾಕುವುದು ನಿಮಗೆ ಗೊತ್ತೇ ಇದೆ, ಬಿಡುತ್ತೇನೆ. ಬಿಪಿ ಹುಡುಕುವುದು ಸುಲಭ. ಹುಡುಕಿದವರು ಎರಡನೇ ತಿಂಗಳು ಬರುವುದಿಲ್ಲ, ಕಷ್ಟ ಇರೋದೇ ಅಲ್ಲಿ. ನಾವು 9 ಗಂಟೆಗೆ ಬಾಗಿಲು ತೆಗೆಯುವಷ್ಟರಲ್ಲಿ ಟಂಟಂ ಆಟೊ ಏರಿ ಊರೆಲ್ಲ ಹೊಲಕ್ಕೆ ಹೋಗಿರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಂತೂ ಮನೆಯಲ್ಲಿ ಮುದುಕರು, ಮಕ್ಕಳು ಅಷ್ಟೇ.

ಮೊದಲು ಸಂಜೆ ಕ್ಲಿನಿಕ್ ಮಾಡಿ ನೋಡಿದೆ. ಹೆಂಗಸರು ಬಂದ ಕೂಡಲೇ ಒಲೆ ಹಚ್ಚುತ್ತಾರೆ, ಗಂಡಸರು ಚಹಾ ಅಂಗಡಿಗೆ ಹೋಗುತ್ತಾರೆ. ನಾಲ್ಕೈದು ಜನ ಬಂದರೆ ದೊಡ್ಡದು. ಗುಡಿ ಮೈಕ್‌ನಲ್ಲಿ ಕೂಗಿಸಿದೆ. ಅದಕ್ಕೆ ಬಂದವರು ಮೈಕೈ ನೋವಿನವರು, ಇಂಜೆಕ್ಷನ್ ಕೇಳುವವರು. ಆಮೇಲೆ ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆಗೆ ಹೋದೆವು. ಇದು ಸ್ವಲ್ಪ ನಡೆಯಿತು. ಆದರೆ ಅರ್ಧ ಮನೆಗೆ ಬೀಗ, ಮತ್ತೆ ಆಶಾಗಳಿಗೆ ಅವರದೇ ಕೆಲಸ ಕುತ್ತಿಗೆತನಕ ಇರುತ್ತದೆ.

ಒಂದು ದಿನ ಒಬ್ಬ ಹೆಣ್ಣುಮಗಳು ನೇರವಾಗಿ ಕೇಳಿದಳು. "ಗುಳಿಗಿ ಪುಕ್ಕಟ ಐತಿ ಖರೆ ಅಕ್ಕೋರ, ನನ್ನ ಕೂಲಿ ಯಾರು ಕೊಡ್ತಾರ?" ಒಂದು ದಿನ ನಿಂತರೆ 300 ರೂಪಾಯಿ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಲು ಹೆಂಗಸರಿಗೆ ಬಸ್ ಚಾರ್ಜ್ ಉಳಿಯಿತು, ಕೂಲಿ ಉಳಿಯಲಿಲ್ಲ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಮೀಟಿಂಗ್‌ನಲ್ಲಿ ಹೇಳುವವರ ಮಾತು ನಾನು ಅಂದಿನಿಂದ ಒಪ್ಪುವುದಿಲ್ಲ.

ಹಾಗಾದರೆ ಕೂಲಿ ಬಿಟ್ಟಾದರೂ ಜನ ಎಲ್ಲಿ ಬಂದೇ ಬರುತ್ತಾರೆ? ರೇಷನ್‌ಗೆ. ಹೆಬ್ಬೆಟ್ಟು ಒತ್ತಲೇಬೇಕು. ಸರ್ವರ್ ಕೈಕೊಟ್ಟರೆ ಒಂದು ತಾಸು ಸುಮ್ನೆ ಕೂರಲೇಬೇಕು. ಆ ಒಂದು ತಾಸು ನನಗೆ ಬೇಕಿತ್ತು. ಡೀಲರ್ ಮೊದಲು ಒಪ್ಪಲಿಲ್ಲ, ಗದ್ದಲ ಆಗುತ್ತದೆ ಅಂದ. ಅವನನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ದುಡ್ಡು ಮಾತ್ರ ಕೊಟ್ಟಿಲ್ಲ. ಈಗ ಅವನೇ ಬೆಳಿಗ್ಗೆ ಬೇಗ ಅಂಗಡಿ ತೆಗೆದು ನನಗೆ ಕುರ್ಚಿ ಹಾಕಿರುತ್ತಾನೆ.

ಸಂತೆಯಂಥ ಜಾಗದಲ್ಲಿ ನೋಡಿದರೆ ಎಲ್ಲರ ಬಿಪಿಯೂ ಏರಿರುತ್ತದೆ ಅಂತ ಹಿರಿಯರೊಬ್ಬರು ಹೇಳಿದ್ದರು. ಮಾತು ಸರಿಯೇ. ಅದಕ್ಕೇ ಸಾಲಿನಲ್ಲಿ ನಿಂತವರದು ನೋಡುವುದಿಲ್ಲ. ಅಂಗಡಿ ಹಿಂದಿನ ಪಡಸಾಲೆಯಲ್ಲಿ ಬೆನ್ನಿಗೆ ಆಸರೆ ಇರುವ ಕುರ್ಚಿ, ಕೈ ಎದೆ ಮಟ್ಟಕ್ಕೆ ಬರುವ ಹಾಗೆ ಮೇಜು. ಐದು ನಿಮಿಷ ಮಾತಿಲ್ಲ. ಅರ್ಧ ತಾಸಿನೊಳಗೆ ಚಹಾ, ತಂಬಾಕು ಆಗಿದ್ದರೆ ಕೊನೆಗೆ ನೋಡುತ್ತೇನೆ. 140/90 ದಾಟಿದರೆ ಮತ್ತೊಮ್ಮೆ. 180/110 ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ. ಮಧ್ಯಾಹ್ನ ಅವರವರ ಮನೆಯಲ್ಲಿ ಮತ್ತೆ ಅಳೆದು ತಾಳೆ ನೋಡಿದೆ, ದೊಡ್ಡ ವ್ಯತ್ಯಾಸ ಬರಲಿಲ್ಲ.

ಖರ್ಚಿನ ಮಾತು. ಬಿಪಿ ಮಷಿನ್ ಸರ್ಕಾರದ್ದೇ, ಆದರೆ ಶೆಲ್ ತಿನ್ನುತ್ತದೆ. ಚಾರ್ಜ್ ಆಗುವ ಶೆಲ್, ಚಾರ್ಜರ್ ಸೇರಿ 900ರ ಹತ್ತಿರ. ದಪ್ಪ ತೋಳಿನವರಿಗೆ ತೋಳಿಗೆ ಸುತ್ತುವ ದೊಡ್ಡ ಪಟ್ಟಿ ಒಂದು 600, ಇದನ್ನು ಬಿಡಲೇಬೇಡಿ, ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮೇಜು, ಜಿಪ್ ಚೀಲ ಎಲ್ಲ ಸೇರಿ 3,000 ಆಗಿರಬೇಕು. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರುವ 10,000ದಲ್ಲಿ ಮಾಡೋಣ ಅಂದೆ. ಬಿಲ್ ಪಾಸಾಗಲು ನಾಲ್ಕೈದು ತಿಂಗಳು ಓಡಾಡಿಸಿದರು, ಅಲ್ಲಿತನಕ ಕೈಯಿಂದಲೇ ಹಾಕಿದೆ. ನಡುವೆ ಒಮ್ಮೆ ಅಮ್ಲೋಡಿಪಿನ್ 5 ಅನ್ನೋ ಬಿಪಿ ಗುಳಿಗೆಯ ಸ್ಟಾಕ್ ಮುಗಿಯಿತು. ಜನೌಷಧಿಯಲ್ಲಿ 10 ಗುಳಿಗೆಯ ಪಟ್ಟಿ 5-6 ರೂಪಾಯಿಗೆ ಸಿಗುತ್ತದೆ. ಊರಿನ ಇಬ್ಬರು ದೊಡ್ಡ ರೈತರು ಆ ತಿಂಗಳ ಖರ್ಚು ನೋಡಿಕೊಂಡರು. ಒಂದು ತಿಂಗಳು ಗುಳಿಗೆ ತಪ್ಪಿಸಿದರೆ ಮೂರು ತಿಂಗಳು ಜನ ನಂಬುವುದಿಲ್ಲ.

ಗುಳಿಗೆ ಬಿಡುವವರಲ್ಲಿ ಬಹಳಷ್ಟು ಜನ ಕಾಲು ಬಾವು ಬಂತು ಅಂತ ಬಿಟ್ಟವರು. ಅಮ್ಲೋಡಿಪಿನ್‌ಗೆ ಹಾಗಾಗುವುದುಂಟು. ಮೊದಲ ದಿನವೇ ಹೇಳುತ್ತೇನೆ, "ಯಮ್ಮಾ, ಕಾಲು ಬಾತರೆ ನನಗೆ ತೋರಿಸು, ನೀನೇ ಬಿಡಬೇಡ." ಡಾಕ್ಟರ್ ಬದಲಿಸಿ ಕೊಡುತ್ತಾರೆ, ಅವರು ಉಳಿಯುತ್ತಾರೆ.

ರೇಷನ್‌ಗೆ ಸೊಸೆ ಬರುತ್ತಾಳೆ, ಬಿಪಿ ಅತ್ತೆಗೆ. ಒಂದು ತಿಂಗಳು ಸೊಸೆ ಕೈಯಲ್ಲಿ ಕೊಡುತ್ತೇನೆ, ಮುಂದಿನ ತಿಂಗಳು ಅತ್ತೆಯೇ ಹೆಬ್ಬೆಟ್ಟಿಗೆ ಬರಬೇಕು. ಅತ್ತೆಯ ಗುಳಿಗೆ ತಲೆನೋವಿಗೆ ಅಂತ ಸೊಸೆ ನುಂಗಿದ್ದೂ ಇದೆ. ಸೊಸೆ ಬಸುರಿ ಇದ್ದರೆ ಟೆಲ್ಮಿಸಾರ್ಟನ್ ಅನ್ನೋ ಬಿಪಿ ಗುಳಿಗೆ ಅಪಾಯ, ಇದನ್ನು ಬಿಡಿಸಿ ಹೇಳಬೇಕು.

ನಡುವೆ ಉಪ್ಪಿನದೂ ಒಂದು ಪ್ರಯೋಗ ಮಾಡಿದೆ. ಮನೆಗೊಂದು ಸಣ್ಣ ಚಮಚ ಕೊಟ್ಟು ಅಡುಗೆಗೆ ಇಷ್ಟೇ ಉಪ್ಪು ಅಂದೆ. ಸಾರಿನಲ್ಲಿ ಕಡಿಮೆ ಆಯಿತು, ರೊಟ್ಟಿ ಜೊತೆ ಉಪ್ಪಿನಕಾಯಿ ಜಾಸ್ತಿ ಆಯಿತು. ಬಿಟ್ಟುಬಿಟ್ಟೆ. ಚಹಾಪುಡಿ ಡಬ್ಬಿಗೆ ಗುಳಿಗೆ ಚೀಲ ಕಟ್ಟಿಸಿದ್ದು ಮಾತ್ರ ಚೆನ್ನಾಗಿ ಹತ್ತಿತು. ಬೆಳಿಗ್ಗೆ ಆ ಡಬ್ಬಿ ಮುಟ್ಟದ ಮನೆ ನಮ್ಮಲ್ಲಿಲ್ಲ.

ಗುಳೆ ಹೋದವರದ್ದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಈಗ ಬೆಂಗಳೂರಿನಲ್ಲೇ ಹೆಬ್ಬೆಟ್ಟು ಒತ್ತಿ ರೇಷನ್ ತಗೊಳ್ಳಬಹುದು, ಹಾಗಾಗಿ ತಿಂಗಳು ತಿಂಗಳು ನನ್ನ ಕಣ್ಣಿಗೆ ಬೀಳುವುದಿಲ್ಲ. ಡಾಕ್ಟರ್ ಒಪ್ಪಿಗೆ ಬರೆಸಿಕೊಂಡು ಹೋಗುವ ಮೊದಲೇ ಮೂರು ತಿಂಗಳ ಗುಳಿಗೆ ಕೊಡುತ್ತೇನೆ. ಅವರು ಮೊಹರಂಗೆ, ಯುಗಾದಿಗೆ ಊರಿಗೆ ಬಂದೇ ಬರುತ್ತಾರೆ. ಆ ದಿನಗಳಲ್ಲಿ ನಾನು ರಜೆ ಹಾಕುವುದಿಲ್ಲ. ಯಾರು ಯಾವಾಗ ಹೊರಡುತ್ತಾರೆ ಅಂತ ನನಗೆ ಮೊದಲೇ ತಿಳಿಯುವ ದಾರಿ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಮುಂದಿನದು ಶುಗರ್. ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಸಾಲಿಗೆ ಬರುತ್ತಾರೆ, ಅಲ್ವಾ? ಫಾಸ್ಟಿಂಗ್ ಅಲ್ಲೇ ನೋಡಬಹುದು. ಸ್ಟ್ರಿಪ್ ಸಾಕಷ್ಟು ಬಂದರೆ ಹತ್ತಿ ಬಿಡಿಸುವ ಮೊದಲೇ ಶುರು ಮಾಡುತ್ತೇನೆ. ನೀವು ಮಾಡುವುದಾದರೆ ರೇಷನ್ ಕೊಡುವ ಮೊದಲ ದಿನ ಕೂರಬೇಡಿ, ನೂಕುನುಗ್ಗಲು ವಿಪರೀತ. ಎರಡನೇ ದಿನದಿಂದ ಕೂರಿ.