ಪಿಸ್ತೂಲ್ ಕ್ಲೀನಿಂಗ್: ಬಾಟಲಿ ಆರಿಸುವ ಮೊದಲು ಕೊಳೆ ಯಾವುದು ಅಂತ ನೋಡಿ

ಟೆಕ್ಸಾಸ್‌ನಲ್ಲಿ ಬಂದೂಕಿನ ಅಂಗಡಿಗೆ ಹೋದರೆ ಕ್ಲೀನಿಂಗ್ ಬಾಟಲಿಗಳದ್ದೇ ಒಂದು ಉದ್ದದ ಸಾಲು ಕಾಣುತ್ತದೆ. ಹೊಸದಾಗಿ ಪಿಸ್ತೂಲ್ ಕೊಂಡ ಕನ್ನಡದ ಗೆಳೆಯರು ಇದರಲ್ಲಿ ಯಾವುದು ತಗೊಳ್ಳಲಿ ಅಂತ ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಯಾವ ಗುಂಡು ಹೊಡೆದಿರಿ? ಯಾಕೆಂದರೆ ಕೊಳೆ ಒಂದೇ ಥರ ಇರುವುದಿಲ್ಲ. ಮದ್ದು ಉರಿದ ಮಸಿ, ಸೀಸ, ತಾಮ್ರ, ಹಳೇ ಮಿಲಿಟರಿ ಗುಂಡಿನ ಉಪ್ಪು. ಒಂದನ್ನು ಬಿಡಿಸುವುದು ಇನ್ನೊಂದನ್ನು ಮುಟ್ಟುವುದೂ ಇಲ್ಲ.

ನನ್ನ ಹತ್ತಿರ ಇರುವುದು 9 ಎಂಎಂ ಗ್ಲಾಕ್ ಪಿಸ್ತೂಲ್, ಸ್ಟೇನ್‌ಲೆಸ್ ಸ್ಟೀಲಿನ .357 ರಿವಾಲ್ವರ್, ಮತ್ತೆ ರಷ್ಯಾದ ಹಳೇ ನಾಗಾನ್ ರಿವಾಲ್ವರ್. ಕೆಲಸಕ್ಕೆ ಕೂರುವುದು ಗ್ಯಾರೇಜಿನಲ್ಲಿ, ಬಾಗಿಲು ಪೂರ್ತಿ ಎತ್ತಿ. ಗುಂಡಿನ ಡಬ್ಬಿ ಆ ಜಾಗದಲ್ಲಿ ಇರಲೇಬಾರದು. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು ಗುಂಡು ಕೂರುವ ಚೇಂಬರನ್ನು ಕಣ್ಣಲ್ಲಿ ನೋಡುತ್ತೇನೆ, ಕಿರುಬೆರಳು ಹಾಕಿ ಮುಟ್ಟಿಯೂ ನೋಡುತ್ತೇನೆ. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ಒಳಗೆ ಒಂದು ಗುಂಡು ಉಳಿದಿದ್ದರೆ ಅದು ಹಾರಿಯೇ ಹಾರುತ್ತದೆ. ಅದಕ್ಕೇ ಈ ಕೆಲಸದಲ್ಲಿ ಅವಸರ ಮಾಡಬೇಡಿ.

ಮಸಿ ತೆಗೆಯುವುದು ಸುಲಭ. ನಾನು ಬಳಸುವುದು ಹಾಪ್ಪೀಸ್ ನಂಬರ್ 9 ಅನ್ನುವ ದ್ರಾವಣ. 1903ರಿಂದ ಬಂದಿರುವ ಹಳೇ ಸರಕು, ಬಾಳೆಹಣ್ಣಿನಂಥ ವಾಸನೆ. ಹಳೇ ಬನಿಯನ್ನಿನ ತುಂಡನ್ನು ಅದರಲ್ಲಿ ಅದ್ದಿ ಬ್ಯಾರೆಲ್ ಒಳಗೆ ಓಡಿಸಿ, ಒಂದು ಕಾಲು ಗಂಟೆ ಸುಮ್ನೆ ಬಿಡುತ್ತೇನೆ. ಆಮೇಲೆ ಕಂಚಿನ ಬ್ರಷ್, ಮತ್ತೆ ಬಟ್ಟೆ. ಕಾಯುವುದೇ ಇಲ್ಲಿ ಮುಖ್ಯ. ನೆನೆದ ಮಸಿ ತಾನೇ ಬಿಡುತ್ತದೆ, ಒಣ ಮಸಿಯನ್ನು ಉಜ್ಜಿದರೆ ತೋಳು ನೋಯುತ್ತದೆ ಅಷ್ಟೆ. ಗ್ಲಾಕಿನ ಸ್ಲೈಡಿಗೆ ಬಟ್ಟೆ ಒದ್ದೆ ಮಾಡಿಕೊಂಡು ಒರೆಸಿದರೆ ಸಾಕು. ಸ್ಲೈಡನ್ನು ಬೋರಲು ಹಿಡಿದು ದ್ರಾವಣ ಸುರಿಯಬೇಡಿ. ಗುಂಡಿನ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ ಓಡಾಡುವ ತೂತು ಒಣಗಿಯೇ ಇರಬೇಕು. ಅಲ್ಲಿ ಎಣ್ಣೆ ಹೋದರೆ ಮಸಿ ಸೇರಿ ಅಂಟಾಗುತ್ತದೆ.

ಸೀಸದ ವಿಷಯ ಬೇರೆ. .357 ರಿವಾಲ್ವರಿನಲ್ಲಿ ಅಗ್ಗದ .38 ಸ್ಪೆಷಲ್ ಗುಂಡು ಹೊಡೆಯುವವರು ಜಾಸ್ತಿ, ನಾನೂ ಅದನ್ನೇ ಹೊಡೆಯುವುದು. .38ರ ಮದ್ದು ತುಂಬಿದ ಹಿತ್ತಾಳೆ ಕೇಸು .357ಕ್ಕಿಂತ ಸುಮಾರು 3.4 ಮಿಲಿಮೀಟರ್ ಗಿಡ್ಡ. ಹಾಗಾಗಿ ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಭಾಗ) ಪ್ರತಿ ಗೂಡಿನೊಳಗೂ, ಕೇಸು ಮುಗಿಯುವ ಜಾಗದಿಂದ ಮುಂದಕ್ಕೆ, ಮಸಿ ಮತ್ತು ಸೀಸದ ಒಂದು ಉಂಗುರ ಕಟ್ಟುತ್ತದೆ. ಬೆಳಕಿಗೆ ಹಿಡಿದರೆ ಬೂದು ಬಣ್ಣದ ಗೆರೆ ಚೆನ್ನಾಗಿ ಕಾಣುತ್ತದೆ. ಅದು ದಪ್ಪವಾದ ಮೇಲೆ ಉದ್ದದ .357 ಗುಂಡು ಪೂರ್ತಿ ಒಳಗೆ ಕೂರುವುದಿಲ್ಲ. ಮಾಮೂಲಿ ದ್ರಾವಣ ಸೀಸವನ್ನು ಕರಗಿಸುವುದಿಲ್ಲ, ಕೆರೆದೇ ತೆಗೆಯಬೇಕು. ಸವೆದ ಕಂಚಿನ ಬ್ರಷ್ಷಿಗೆ ಪಾತ್ರೆ ಉಜ್ಜುವ ಶುದ್ಧ ತಾಮ್ರದ ನಾರನ್ನು ಎರಡು ಸುತ್ತು ಸುತ್ತಿ, ಎಣ್ಣೆ ಹಚ್ಚಿ ತಿರುಗಿಸುತ್ತೇನೆ. ಹೊಳೆಯುವ ಸೀಸದ ಚೂರುಗಳು ಬಟ್ಟೆಯ ಮೇಲೆ ಬೀಳುತ್ತವೆ. ತಾಮ್ರ ಉಕ್ಕಿಗಿಂತ ಮೆತ್ತಗೆ, ಹಾಗಾಗಿ ಬ್ಯಾರೆಲ್ಲಿಗೂ ಹೆದರಿಕೆ ಇಲ್ಲ. ಆದರೆ ನಾರಿನ ಹತ್ತಿರ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣ ಬಳಿದ ಕಬ್ಬಿಣ, ಬೇಡ.

ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿದರೆ ಸೀಸ ಕರಗಿ ಹೋಗುತ್ತದೆ ಅನ್ನುವ ಸಲಹೆ ನಿಮಗೂ ಸಿಗುತ್ತದೆ. ಕರಗುವುದು ನಿಜ. ಆದರೆ ಅದರಿಂದ ಹುಟ್ಟುವುದು ಲೆಡ್ ಅಸಿಟೇಟ್, ನೀರಿನಲ್ಲಿ ಕರಗುವ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಎಲ್ಲಿ ಚೆಲ್ಲುತ್ತೀರಿ? ನಾನಂತೂ ಮಾಡುವುದಿಲ್ಲ. ಸೀಸದ ಗುಂಡು ಹೊಡೆಯದಿದ್ದರೂ ಕೈಗೆ ನೈಟ್ರೈಲ್ ಗ್ಲೌಸ್ ಬೇಕು. ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಸಾಮಾನ್ಯ ಪ್ರೈಮರಿನಲ್ಲೂ ಸೀಸ ಇರುತ್ತದೆ, ಮಸಿಯ ಜೊತೆ ಅದೂ ಬರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ಧೂಳು ಎಬ್ಬಿಸಬೇಡಿ, ಮೊದಲು ಒದ್ದೆ ಮಾಡಿ. ಮುಗಿದ ಮೇಲೆ ತಣ್ಣೀರು, ಸೋಪು. ಕಾಫಿ ಲೋಟ ಮೇಜಿನ ಹತ್ತಿರವೂ ಬರಬಾರದು.

ಗುಂಡಿನ ಹೊದಿಕೆಯಿಂದ ಅಂಟುವ ತಾಮ್ರಕ್ಕೆ ಅಂತ ಅಮೋನಿಯಾ ಇರುವ ದ್ರಾವಣಗಳಿವೆ. ರೈಫಲ್‌ಗೆ ಬೇಕಾಗಬಹುದು, ಪಿಸ್ತೂಲಿನ ವೇಗಕ್ಕೆ ಬ್ಯಾರೆಲ್‌ನಲ್ಲಿ ಅಷ್ಟು ತಾಮ್ರ ಕೂರುವುದಿಲ್ಲ. ದುಡ್ಡು ಉಳಿಸಿ. ಬಳಸಲೇಬೇಕಾದರೆ ನೈಲಾನ್ ಬ್ರಷ್ ತಗೊಳ್ಳಿ. ಕಂಚಿನ ಬ್ರಷ್ಷಿನಲ್ಲಿರುವುದೂ ತಾಮ್ರವೇ ಅಲ್ವಾ, ಅದೇ ಕರಗಿ ಬಟ್ಟೆ ನೀಲಿಯಾಗಿ ಬರುತ್ತದೆ. ಬ್ಯಾರೆಲ್‌ನಲ್ಲಿ ಇನ್ನೂ ಕೊಳೆ ಇದೆ ಅಂದುಕೊಂಡು ನೀವು ಉಜ್ಜುತ್ತಲೇ ಇರುತ್ತೀರಿ. ನಿಕಲ್ ಲೇಪದ ರಿವಾಲ್ವರ್ ಆದರೆ ಅಮೋನಿಯಾ ಬೇಡವೇ ಬೇಡ.

ನಾಗಾನ್‌ಗೆ ನಾನು ಮೊದಲು ಬಳಸುವುದು ಬಿಸಿನೀರು. ಬಂದೂಕಿಗೆ ನೀರಾ ಅಂತ ಎಲ್ಲರೂ ಹುಬ್ಬೇರಿಸುತ್ತಾರೆ. ಸೋವಿಯತ್ ಕಾಲದ ಹಳೇ ಮಿಲಿಟರಿ ಗುಂಡುಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅಡುಗೆ ಉಪ್ಪಿನ ದಾಯಾದಿ, ಗಾಳಿಯ ತೇವ ಎಳೆದುಕೊಂಡು ಬೇಗ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟು ದುಬಾರಿ ಎಣ್ಣೆ ಹಾಕಿದರೂ ಅದರಡಿ ಉಪ್ಪು ಹಾಗೇ ಕೂತಿರುತ್ತದೆ. ಶೂಟಿಂಗ್ ಮಾಡಿದ ದಿನವೇ ಮರದ ಹಿಡಿ ಬಿಚ್ಚಿ ಬದಿಗಿಟ್ಟು, ಬ್ಯಾರೆಲ್ ಮತ್ತು ಸಿಲಿಂಡರಿಗೆ ಬಿಸಿನೀರು ಹುಯ್ಯುತ್ತೇನೆ. ಬಿಸಿ ಇದ್ದರೆ ಬೇಗ ಆರುತ್ತದೆ. ಉಳಿದ ತೇವ ಓಡಿಸಲು ಡಬ್ಲ್ಯೂಡಿ-40. ಅದನ್ನು ಮಾಡಿದ್ದೇ ನೀರು ಓಡಿಸಲು. ಅದನ್ನೂ ಒರೆಸಿ, ಆಮೇಲೆ ಮಾಮೂಲಿ ಕ್ಲೀನಿಂಗ್, ಕೊನೆಗೆ ಬಂದೂಕಿನ ಎಣ್ಣೆ. ಡಬ್ಲ್ಯೂಡಿ-40ಯನ್ನೇ ಎಣ್ಣೆ ಅಂತ ಬಿಟ್ಟರೆ ತಿಂಗಳುಗಟ್ಟಲೆ ತುಕ್ಕಿನಿಂದ ಕಾಪಾಡುವುದಿಲ್ಲ.

ಆಯುಧ ಪೂಜೆಗೆ ಗಂಧ, ಕುಂಕುಮ ಹಚ್ಚುವವರಿಗೂ ಇದೇ ಮಾತು. ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಹಚ್ಚಿ. ಒದ್ದೆ ಗಂಧದ ಕೆಳಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಪೆಟ್ರೋಲ್ ಮುಟ್ಟಲೇಬೇಡಿ. ಅದರ ಆವಿ ನೆಲದಲ್ಲಿ ಹರಿದು ವಾಟರ್ ಹೀಟರಿನ ಬೆಂಕಿ ತಲುಪಿದರೆ ಗ್ಯಾರೇಜೇ ಉರಿಯುತ್ತದೆ. ಅಸಿಟೋನ್ ಪ್ಲಾಸ್ಟಿಕ್ ಫ್ರೇಮಿಗೆ ಒಳ್ಳೆಯದಲ್ಲ.

ರಿವಾಲ್ವರಿನಲ್ಲಿ ಜನ ಮರೆಯುವ ಜಾಗ ಎಕ್ಸ್‌ಟ್ರ್ಯಾಕ್ಟರ್ ನಕ್ಷತ್ರದ (ಖಾಲಿ ಕೇಸುಗಳನ್ನು ಹೊರಗೆ ತಳ್ಳುವ ನಕ್ಷತ್ರದಾಕಾರದ ಭಾಗ) ಅಡಿ. ಉರಿಯದ ಮದ್ದಿನ ಒಂದು ಕಾಳು ಅಲ್ಲಿ ಸಿಕ್ಕಿದರೂ ಸಿಲಿಂಡರ್ ತಿರುಗುವುದು ಬಿಗಿಯಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಒಣಗಿಸಿ. ಅಲ್ಲಿ ಎಣ್ಣೆ ಬೇಡ. ಉಳಿದ ಕಡೆ ತೊಟ್ಟು ಎಣ್ಣೆ ಸಾಕು. ಎಲ್ಲ ಜೋಡಿಸಿ, ಖಾಲಿ ಇರುವಾಗಲೇ ಸಿಲಿಂಡರ್ ಸಲೀಸಾಗಿ ತಿರುಗುತ್ತದೆಯೇ ನೋಡಿ ಸೇಫಿನಲ್ಲಿ ಇಡುತ್ತೇನೆ. ಚರ್ಮದ ಹೋಲ್ಸ್ಟರಿನಲ್ಲಿ ಹಾಕಿ ಇಡುವುದಿಲ್ಲ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.