ಲಕ್ಷದ್ವೀಪವನ್ನು ಸ್ಯಾಟಲೈಟ್ ಮ್ಯಾಪಿನಲ್ಲಿ ನೋಡುವುದು ಹೇಗೆ

ಫೋನಿನಲ್ಲಿ ಲಕ್ಷದ್ವೀಪ ಅಂತ ಹುಡುಕಿದರೆ ಮೊದಲು ಕಾಣುವುದು ಬರೀ ನೀಲಿ. ಪುಸ್ತಕದಲ್ಲಿ 36 ದ್ವೀಪ ಅಂತ ಇದೆ, ಆದರೆ ಎಲ್ಲ ಸೇರಿಸಿದರೂ ನೆಲ ಸುಮಾರು 32 ಚದರ ಕಿ.ಮೀ. ಅಷ್ಟೇ. ಸ್ಯಾಟಲೈಟ್ ಚಿತ್ರಕ್ಕೆ ಬದಲಾಯಿಸಿ, ಮಂಗಳೂರಿನಿಂದ ನೈರುತ್ಯಕ್ಕೆ ಬೆರಳು ಸರಿಸುತ್ತಾ ಹೋಗಿ, ಬಿತ್ರ ಹುಡುಕಿ. (ಬಿತ್ರ, ಅಮಿನಿ, ಕದ್ಮತ್ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.)

ಈಗ ಜೂಮ್ ಮಾಡಿ. ಹಸಿರು ಚುಕ್ಕೆಯನ್ನು ಆಮೇಲೆ ನೋಡೋಣ, ಮೊದಲು ಅದರ ಪಕ್ಕದ ದೊಡ್ಡ ತಿಳಿನೀಲಿ ಜಾಗ ನೋಡಿ. ಅದು ಲಗೂನ್, ಅಂದರೆ ಹವಳದ ದಿಬ್ಬದ ಒಳಗೆ ನಿಂತ ಆಳವಿಲ್ಲದ ಸಮುದ್ರ. ಅಂಚಿನ ಬಿಳಿ ಗೆರೆ ಅಲೆ ಒಡೆಯುವ ಜಾಗ. ಬಿತ್ರದ ನೆಲ ಬರೀ 0.1 ಚದರ ಕಿ.ಮೀ., ಲಗೂನ್ ಅದರ ನೂರಾರು ಪಟ್ಟು! ಸಮುದ್ರದೊಳಗಿನ ಹಳೇ ಜ್ವಾಲಾಮುಖಿ ಬೆಟ್ಟಗಳು ನಿಧಾನವಾಗಿ ಕುಸಿಯುತ್ತಿದ್ದಾಗ ಅವುಗಳ ಮೇಲಿನ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತಾ ಹೋಗಿದ್ದರಿಂದ ಇಂಥ ಉಂಗುರ ಉಳಿಯಿತು. ದ್ವೀಪ ಅಂದರೆ ಆ ಉಂಗುರದ ಮೇಲೆ ಅಲೆ ತಂದು ಗುಡ್ಡೆ ಹಾಕಿದ ಹವಳದ ಪುಡಿ, ಮರಳು.

ಮುಂದೆ ಕವರತ್ತಿಗೆ ಹೋಗಿ. ನೆಲ ಪೂರ್ವಕ್ಕೆ, ಲಗೂನ್ ಪಶ್ಚಿಮಕ್ಕೆ, ಅಲ್ವಾ? ಹೆಚ್ಚಿನ ದ್ವೀಪಗಳು ಹೀಗೇ. ಮಳೆಗಾಲದ ಅಲೆ ಪಶ್ಚಿಮದಿಂದ ಬಂದು ಮೊದಲು ಹವಳದ ದಿಬ್ಬಕ್ಕೆ ಬಡಿಯುತ್ತದೆ, ಊರಿಗೆ ಮುಟ್ಟುವಷ್ಟರಲ್ಲಿ ಅರ್ಧ ಜೋರು ಹೋಗಿರುತ್ತದೆ. ಆಂಡ್ರೋತ್ ಮಾತ್ರ ಬೇರೆ: ಎಲ್ಲಕ್ಕಿಂತ ದೊಡ್ಡದು, ಅಡ್ಡಡ್ಡ ಮಲಗಿದೆ, ಲಗೂನ್ ಇಲ್ಲವೇ ಇಲ್ಲ ಅನ್ನಬಹುದು.

ಪರ್ಮಿಟ್ ಸಿಕ್ಕಿ ಹೋದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ನಡೆಯಿರಿ. ಲಗೂನ್ ಕಡೆ ನುಣ್ಣನೆ ಬಿಳಿ ಮರಳು, ಪೂರ್ವದ ಕಡೆ ಕಾಲಿಗೆ ಚುಚ್ಚುವ ಹವಳದ ಚೂರು. ಒಂದು ಚೂರನ್ನು ಕೈಗೆತ್ತಿಕೊಂಡು ಕಣ್ಣ ಹತ್ತಿರ ಹಿಡಿಯಿರಿ. ಪುಟ್ಟ ಪುಟ್ಟ ನಕ್ಷತ್ರದಂಥ ಗುಳಿ ಕಾಣುತ್ತವೆ, ಒಂದೊಂದೂ ಒಂದು ಜೀವಿಯ ಮನೆ. ನೋಡಿ ಅಲ್ಲೇ ಇಡಿ, ಮನೆಗೆ ತರುವುದು ಕಾನೂನಿನ ಪ್ರಕಾರ ಅಪರಾಧ.

ಬಾವಿಯನ್ನೂ ಬಿಡಬೇಡಿ. ಇಲ್ಲಿ ಹೊಳೆ ಇಲ್ಲ, ಗುಡ್ಡ ಇಲ್ಲ. ಮಳೆನೀರು ಮರಳಿಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಸಮುದ್ರ ಏರಿದರೆ ಬಾವಿ ನೀರೂ ಏರುತ್ತದೆ, ಪಂಪಲ್ಲಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ.

ಕೊನೆಗೆ ಬಂಗಾರಂ ಉಂಗುರ ತೆರೆದು ಹಳೇ ನಕ್ಷೆಯ ಜೊತೆ ಹೋಲಿಸಿ. ಅಲ್ಲಿ ಪರಳಿ 1 ಅಂತ ಜನವಸತಿ ಇಲ್ಲದ ಪುಟ್ಟ ದ್ವೀಪ ಇತ್ತು. ಅಲೆ ಕೊರೆದು ಕೊರೆದು ಅದು ಪೂರ್ತಿ ಹೋಗಿದೆ. ಪುಸ್ತಕದ 36ರಲ್ಲಿ ಅದೂ ಒಂದು.