ಪುಣೆಯ ಹೊರಗೆ ಹಳ್ಳಿಮನೆ ಹೂಡುವವರಿಗೆ

ಪುಣೆ ದಾಟಿ ಒಂದು ತಾಸು ಹೋದರೆ ಯಾವ ದಿಕ್ಕಿಗೆ ಹೋದಿರಿ ಎಂಬುದರ ಮೇಲೆ ಸಂಸಾರದ ರೀತಿಯೇ ಬದಲಾಗುತ್ತದೆ. ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಪಶ್ಚಿಮಕ್ಕೆ ಮುಳಶಿ, ಮಾವಳದ ಕಡೆ ಹೋದಷ್ಟೂ ಅದು ಏರುತ್ತ ಲೋಣಾವಳಾದಲ್ಲಿ 4000 ದಾಟುತ್ತದೆ, ತಾಮ್ಹಿಣಿ ಘಾಟಿನಲ್ಲಿ ಇನ್ನೂ ಹೆಚ್ಚು. ಅದೇ ದಿವೆ ಘಾಟ್ ಹತ್ತಿ ಸಾಸವಡಕ್ಕೆ ಹೋದರೆ ಮಳೆ ನೆರಳಿನ ನಾಡು: ಜೋಳ, ಅಂಜೂರ, ಸೀತಾಫಲ. ಹಾಗಾಗಿ ಮಲೆನಾಡು, ಕರಾವಳಿ ಕಡೆಯಿಂದ ಬಂದ ಮನೆಯವರಿಗೆ ಮುಳಶಿಯ ಮಳೆಗಾಲ ಹೊಸದಲ್ಲ. ವಿಜಯಪುರ, ಕಲಬುರಗಿ, ಬಾಗಲಕೋಟೆಯವರು ಸಾಸವಡ ಇರುವ ಪುರಂದರ ತಾಲೂಕಿನ ಕಡೆ ಬೇಗ ಹೊಂದಿಕೊಳ್ಳುತ್ತಾರೆ. ಅಜ್ಜ-ಅಜ್ಜಿಗೆ ಕೀಲುನೋವು, ಉಬ್ಬಸ ಇದ್ದರೆ ಪಶ್ಚಿಮದ ನಾಲ್ಕು ತಿಂಗಳ ತೇವ ಅವರನ್ನು ಹಿಂಡಿಹಾಕುತ್ತದೆ. ಜುಲೈ ತಿಂಗಳ ಹಸಿರು ನೋಡಿ ಮನಸೋತು ಮುಂಗಡ ಕೊಡುವವರು ಈ ಮಾತನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಮೊದಲು ಬಾಡಿಗೆಗೆ ಇರಿ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಆಗುತ್ತದೆ. ಅದನ್ನು ನೋಂದಾಯಿಸಲೇಬೇಕು, ಹಳ್ಳಿಯೆಂದು ಬಿಡುವ ಹಾಗಿಲ್ಲ. ಏಪ್ರಿಲ್ ಆರಂಭದಲ್ಲಿ ಮನೆ ಹಿಡಿದರೆ ಬೇಸಿಗೆಯ ನೀರು, ಮಳೆಗಾಲದ ಸೋರಿಕೆ, ಚಳಿಗಾಲದ ಸುಗ್ಗಿ ಮೂರೂ ಅದೇ ಕರಾರಿನೊಳಗೆ ಬರುತ್ತವೆ. ಅಕ್ಟೋಬರಿನಲ್ಲಿ ಹಿಡಿದರೆ ಎಲ್ಲವೂ ಚೆಂದ ಕಾಣುತ್ತದೆ, ನಿಜಸ್ಥಿತಿ ತಿಳಿಯುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಮನೆ ನೋಡಲು ಶನಿವಾರ ಮಾತ್ರ ಹೋಗಬೇಡಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಆಫೀಸಿಗೊಮ್ಮೆ, ಮಕ್ಕಳ ಶಾಲೆಗೊಮ್ಮೆ ಗಾಡಿ ಓಡಿಸಿ ನೋಡಿ. ಮುಳಶಿ, ಲೋಣಾವಳಾ ದಾರಿಗಳು ಮಳೆಗಾಲದ ರಜೆ ದಿನಗಳಲ್ಲಿ ಪ್ರವಾಸಿಗರಿಂದ ತುಂಬಿ ನಿಂತುಬಿಡುತ್ತವೆ. ಭಾನುವಾರ ಮಧ್ಯಾಹ್ನ ನೆಂಟರನ್ನು ಊಟಕ್ಕೆ ಕರೆದರೆ ಅವರು ಸಂಜೆ ಚಹಾಕ್ಕೆ ಬಂದು ಸೇರುತ್ತಾರೆ.

ನೀರಿನ ಲೆಕ್ಕ

ಅಡುಗೆ, ಸ್ನಾನ, ಬಟ್ಟೆ, ಪಾತ್ರೆ, ಸಂಡಾಸು, ಹಿತ್ತಲಿಗೆ ನಾಲ್ಕು ಕೊಡ ಎಲ್ಲ ಸೇರಿ ನಾಲ್ಕು ಜನರ ಮನೆಗೆ ದಿನಕ್ಕೆ 500ರಿಂದ 600 ಲೀಟರ್ ಬೇಕು. 2000 ಲೀಟರಿನ ಟ್ಯಾಂಕಿ ಮೂರು ದಿನಕ್ಕೆ ಮುಗಿಯುತ್ತದೆ. ಹಳ್ಳಿಯ ನಳ ದಿನ ಬಿಟ್ಟು ದಿನ ಬಂದರೂ ಒಮ್ಮೊಮ್ಮೆ ವಾರ ತಪ್ಪುವುದುಂಟು. ಆದ್ದರಿಂದ 5000 ಲೀಟರ್ ಸಂಗ್ರಹಕ್ಕೆ ಜಾಗವಿರುವ ಮನೆಯನ್ನೇ ನೋಡಿ. ಟ್ಯಾಂಕರ್ ತರಿಸಬೇಕಾದರೆ ಅದು ಗೇಟಿನವರೆಗೆ ಬರುತ್ತದೆಯೇ, ತಿರುಗಲು ಜಾಗವಿದೆಯೇ ಎಂದೂ ನೋಡಿಕೊಳ್ಳಿ.

"ಬೋರಿಗೆ ಬೇಕಾದಷ್ಟು ನೀರಿದೆ" ಎಂಬ ಮಾತನ್ನು ಅಳೆದು ನೋಡಬಹುದು. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಮೋಟರ್ ಚಾಲೂ ಮಾಡಿ, ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಇಟ್ಟು ತುಂಬಲು ಎಷ್ಟು ನಿಮಿಷ ಎಂದು ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3000 ಲೀಟರ್. ಅಲ್ಲಿಗೇ ನಿಲ್ಲಿಸಬೇಡಿ, ಒಂದು ತಾಸು ಓಡಿಸಿ ಮತ್ತೆ ಅಳೆಯಿರಿ. ಎರಡನೇ ಸಲ ಎಂಟು ನಿಮಿಷ ಹಿಡಿದರೆ, ಅಥವಾ ನೀರಿನ ಜೊತೆ ಗಾಳಿ ಉಗುಳತೊಡಗಿದರೆ, ಮೊದಲು ಬಂದದ್ದು ಕೊಳವೆಯಲ್ಲಿ ನಿಂತಿದ್ದ ನೀರಷ್ಟೇ. ಈ ಭಾಗದ ನೆಲದಡಿ ಇರುವುದು ದಖ್ಖನದ ಕಪ್ಪು ಬಸಾಲ್ಟ್ ಕಲ್ಲು, ನೀರು ಅದರ ಬಿರುಕುಗಳಲ್ಲಿ ಮಾತ್ರ ಓಡುತ್ತದೆ. ಪಕ್ಕದ ಹೊಲದ ಬೋರು ಭರ್ತಿ ಇದ್ದರೂ ನಿಮ್ಮದು ಬತ್ತಿರಬಹುದು.

ತೆರೆದ ಬಾವಿ ಇದ್ದರೆ ಮಳೆ ಶುರುವಾದ ಮೇಲೆ ಅದನ್ನು ಶುದ್ಧ ಮಾಡುವುದನ್ನು ಮನೆಯ ದೊಡ್ಡವರೊಬ್ಬರು ಕಲಿತಿರಬೇಕು. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ತೆಗೆದು ಅದರಿಂದಲೇ ಗುಣಿಸಿ, ಮತ್ತೆ ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅಡ್ಡಳತೆ 3 ಮೀಟರ್, ನೀರು 4 ಮೀಟರ್ ಇದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಅಂದರೆ ಇಲ್ಲಿಗೆ 70 ಗ್ರಾಂ. ಪುಡಿಯನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೀಟು ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೀಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ-ಕೆಳಗೆ ಆಡಿಸಿ. ತಳದ ಸುಣ್ಣವನ್ನೂ ಸುರಿದರೆ ನೀರು ಗಡುಸಾಗುತ್ತದೆ, ಬೇಳೆ ಬೇಯುವುದಿಲ್ಲ. ಒಂದು ತಾಸಿನ ಮೊದಲು ಸೇದಬೇಡಿ. ಸಂಜೆ ಹಾಕಿ ಬೆಳಿಗ್ಗೆ ಬಳಸುವುದು ಸರಳ. ಬಾಯಿ ತೆರೆದಿಟ್ಟ ಹಳೆಯ ಪುಡಿಗೆ ಶಕ್ತಿ ಇರುವುದಿಲ್ಲ, ವಾಸನೆ ಕಣ್ಣಿಗೆ ಹತ್ತದಿದ್ದರೆ ಹೊಸ ಪೊಟ್ಟಣ ತನ್ನಿ. ಬಾವಿಯಿಂದ 15 ಮೀಟರಿನೊಳಗೆ ಸಂಡಾಸಿನ ಗುಂಡಿಯೋ ದನದ ಕೊಟ್ಟಿಗೆಯೋ ಇದ್ದರೆ ಎಷ್ಟು ಪುಡಿ ಹಾಕಿದರೂ ಅದನ್ನು ಕುಡಿಯುವ ನೀರೆಂದು ನಂಬಬೇಡಿ.

ಮಳೆನೀರು ಹಿಡಿಯುವ ಲೆಕ್ಕ ಸುಲಭ: ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸಾಸವಡದ ಕಡೆ 60 ಚದರ ಮೀಟರ್ ಮಾಡಿಗೆ 500 ಮಿ.ಮೀ. ಮಳೆ ಹಿಡಿದು, ಐದರಲ್ಲೊಂದು ಪಾಲು ಕಳೆದರೂ 24,000 ಲೀಟರ್ ಬರುತ್ತದೆ. ಒಣ ದಿನಗಳ ನಂತರದ ಮೊದಲ 100-120 ಲೀಟರನ್ನು ಹೊರಗೆ ಬಿಡಿ, ಅದರಲ್ಲಿ ಹಕ್ಕಿ ಹಿಕ್ಕೆ, ಧೂಳು, ಕೊಳೆತ ಎಲೆ ಇರುತ್ತವೆ.

ಮೇ 25ರೊಳಗೆ

ಪುಣೆಗೆ ಮುಂಗಾರು ಸಾಮಾನ್ಯವಾಗಿ ಜೂನ್ 10ರ ಸುಮಾರಿಗೆ ಮುಟ್ಟುತ್ತದೆ, ಅದಕ್ಕೂ ಮುಂಚೆ ಗುಡುಗು-ಗಾಳಿಯ ಅಡ್ಡಮಳೆ ಬರುತ್ತದೆ. ಮಾಡಿನ ಕೆಲಸ ಮೇ 25ರೊಳಗೆ ಮುಗಿಯಬೇಕು, ಆಮೇಲೆ ಕೆಲಸಗಾರರು ಭತ್ತದ ಸಸಿಮಡಿಗೆ ಹೋಗಿರುತ್ತಾರೆ. ಮಂಗಳೂರು ಹೆಂಚಿನ ಮನೆಯಾದರೆ ಒಡೆದವನ್ನು ಬದಲಿಸಿ, ಅದೇ ಅಚ್ಚಿನ 20 ಹೆಂಚು ಹೆಚ್ಚಿಗೆ ಇಟ್ಟುಕೊಳ್ಳಿ. ಬೇರೆ ಕಾರ್ಖಾನೆಯ ಹೆಂಚಿನ ಕಚ್ಚು ಕೂಡುವುದಿಲ್ಲ, ಆ ಸಂದಿಯಲ್ಲೇ ಸೋರುತ್ತದೆ. ಮಂಗ ತುಳಿದು ಹೆಂಚು ಸರಿಯುವ ಊರಾದರೆ ಅಟ್ಟಕ್ಕೆ ಹೋಗುವ ಏಣಿ ಮನೆಯಲ್ಲೇ ಇರಲಿ. ತಗಡಿನ ಮಾಡಾದರೆ ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರ್ ನೋಡಿ. ಸೋರಿಕೆಯಲ್ಲಿ ಹೆಚ್ಚಿನದು ತಗಡಿನ ತೂತಿನದಲ್ಲ, ಬಿಸಿಲಿಗೆ ಬಿರಿದ ವಾಷರಿನದು.

ಗಾಳಿಮಳೆ ಹೊಡೆಯುವುದು ಪಶ್ಚಿಮ, ನೈರುತ್ಯದಿಂದ. ಆ ಗೋಡೆಗೆ ತಟ್ಟಿ ಕಟ್ಟಿ, ಕಿಟಕಿಯ ಮೇಲೆ ಒಂದೂವರೆ ಅಡಿ ಚಾಚು ಇಲ್ಲದಿದ್ದರೆ ತಗಡಿನದೊಂದು ಹಾಕಿಸಿ. ಮಣ್ಣಿನ ಗೋಡೆಯಾದರೆ ಇದು ಬೇಕೇ ಬೇಕು. ಮಾಡಿನ ಹನಿ ಬೀಳುವಲ್ಲಿ ಒಂದಡಿ ಅಗಲದ ಕಲ್ಲಿನ ಪಟ್ಟಿ ಹಾಸಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಮನೆಯ ಹಿಂದೆ ಗುಡ್ಡ ಕಡಿದು ಸಮತಟ್ಟು ಮಾಡಿದ್ದರೆ, ಆ ಕಡಿತದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಹುಟ್ಟಿದ ಕೆಂಪು ನೀರಿನ ಒರತೆ ಕಂಡರೆ ಅಲ್ಲಿ ರಾತ್ರಿ ಮಲಗಬೇಡಿ. 2014ರ ಜುಲೈ 30ರಂದು ಇದೇ ಜಿಲ್ಲೆಯ ಅಂಬೇಗಾವ್ ತಾಲೂಕಿನ ಮಾಳೀಣ ಊರು ಬೆಳಗಿನ ಹೊತ್ತು ಗುಡ್ಡದಡಿ ಹೂತುಹೋಯಿತು.

ಒಳಗಿನ ತೇವಕ್ಕೆ ದೊಡ್ಡ ಉಪಾಯವೇನಿಲ್ಲ. ಬೀರು, ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬೇಳೆ, ರವೆ, ಜೋಳವನ್ನು ಮೇ ಬಿಸಿಲಿಗೆ ಒಣಗಿಸಿ ತಣಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗುತ್ತದೆ. ಕರೆಂಟು ಹೋಗುವುದು ಗ್ಯಾರಂಟಿ ಎಂದೇ ತಿಳಿಯಿರಿ. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರು ಮೂರು ಹಳೆಯ ಫ್ಯಾನು, ಐದು ಎಲ್‌ಇಡಿ ದೀಪ, ಇಂಟರ್ನೆಟ್ ಡಬ್ಬಿಯನ್ನು ನಾಲ್ಕು ತಾಸು ಎಳೆಯುತ್ತದೆ. ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನು ಹಾಕಿಸಿದರೆ ಅದರ ದುಪ್ಪಟ್ಟು. ನೀರಿನ ಮೋಟರನ್ನು ಸಂಜೆ ಏಳರ ಇಳಿದ ವೋಲ್ಟೇಜಿನಲ್ಲಿ ಓಡಿಸಿಯೇ ಬಹಳ ಜನ ಸುಟ್ಟುಕೊಳ್ಳುತ್ತಾರೆ. ಬೆಳಗಿನ ಜಾವ ಓಡಿಸಿ.

ಹಾವು

ಊರವರು ಹೇಳುವ ನಾಲ್ಕು ಹೆಸರು ಮಕ್ಕಳಿಗೂ ಗೊತ್ತಿರಲಿ: ನಾಗ್ ಅಂದರೆ ನಾಗರಹಾವು, ಮಣ್ಯಾರ್ ಅಂದರೆ ಕಟ್ಟುಹಾವು, ಘೋಣಸ್ ಅಂದರೆ ಕೊಳಕುಮಂಡಲ, ಫುರ್ಸೆ ಅಂದರೆ ಗರಗಸ ಮಂಡಲ. ಮಣ್ಯಾರ್ ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವು ಅಷ್ಟಾಗಿ ಆಗುವುದಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಭಾರ ಎಂದರೆ ಅಜೀರ್ಣ ಎಂದು ಓಮದ ಕಾಳು ಕೊಟ್ಟು ಕೂರಬೇಡಿ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆಯಿರಿ. ಸೌದೆಯನ್ನು ಮನೆಯಿಂದ 20-30 ಅಡಿ ದೂರ, ನೆಲದಿಂದ ಒಂದಡಿ ಎತ್ತರದಲ್ಲಿ ಒಟ್ಟಿ. ಕಾಳು ಚೆಲ್ಲಿದರೆ ಇಲಿ, ಇಲಿ ಬಂದರೆ ಹಾವು.

ಕಚ್ಚಿದರೆ ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಬಾವು ಬಂದ ಮೇಲೆ ಅವು ಬರುವುದಿಲ್ಲ. ಕೈ ಅಥವಾ ಕಾಲಿಗೆ ಮರದ ಪಟ್ಟಿಯನ್ನು ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ 108ಕ್ಕೆ ಫೋನ್ ಮಾಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಹಾವನ್ನು ಹಿಡಿದು ಒಯ್ಯುವ ಅಗತ್ಯವಿಲ್ಲ, ಈ ನಾಲ್ಕಕ್ಕೂ ಔಷಧ ಒಂದೇ. ವಿಷಹಾರಿ ಚುಚ್ಚುಮದ್ದು ಸದಾ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಎರಡಕ್ಕೆ ಅಲ್ಲಿ ಡಾಕ್ಟರು ಇರುತ್ತಾರೆಯೇ ಎಂದು ಮನೆ ಹಿಡಿಯುವ ಮೊದಲೇ ಖುದ್ದಾಗಿ ಹೋಗಿ ಕೇಳಿ.

ಹಿತ್ತಲು, ಹೊಲ, ಊರು

ಇಷ್ಟಾದ ಮೇಲೆ ಸುಖದ ಮಾತು. ಹಿತ್ತಲನ್ನು ಮೊದಲ ವರ್ಷ ಚಿಕ್ಕದಾಗಿ ಮಾಡಿ: 3 ಅಡಿ ಅಗಲ, 10 ಅಡಿ ಉದ್ದದ ನಾಲ್ಕು ಮಡಿ ಸಾಕು. ಮೂರಡಿಗಿಂತ ಅಗಲವಾದರೆ ಮಕ್ಕಳು ಕಳೆ ಕೀಳಲು ಮಡಿಯನ್ನೇ ತುಳಿಯುತ್ತಾರೆ. ಮುಳಶಿ ಕಡೆ ಮಡಿ ಒಂಬತ್ತು ಇಂಚು ಎತ್ತರವಿರಲಿ, ಇಲ್ಲದಿದ್ದರೆ ಜುಲೈಯಲ್ಲಿ ಬೇರು ಕೊಳೆಯುತ್ತದೆ. ಜೂನ್ ಮೊದಲ ಮಳೆಗೆ ಹೀರೆ, ಹಾಗಲ, ಸೌತೆ ಹಾಕಿ ಚಪ್ಪರಕ್ಕೆ ಹಬ್ಬಿಸಿ. ಮೆಂತ್ಯ, ಕೊತ್ತಂಬರಿಯನ್ನು ಜಡಿಮಳೆಯಲ್ಲಿ ಬಿತ್ತಬೇಡಿ. ಅಕ್ಟೋಬರಿನಿಂದ ಒಂದು ಮಡಿಗೆ ಒಂದು ಮುಷ್ಟಿ, ಅಂದರೆ 30-40 ಗ್ರಾಂ ಮೆಂತ್ಯ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಮೊಳಕೆ, 25-30 ದಿನಕ್ಕೆ ಪಲ್ಯ. ನಾಲ್ಕೂ ಮಡಿಗೆ ಒಂದೇ ದಿನ ಬಿತ್ತಿದರೆ ಒಂದು ವಾರ ಬೀದಿಗೆಲ್ಲ ಹಂಚಿ ಆಮೇಲೆ ಮಂಡಿಯಿಂದ ಕೊಳ್ಳಬೇಕಾಗುತ್ತದೆ. ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿ.

ಮೇ ಕೊನೆಯಿಂದ ಜೂನ್ ನಡುವಿನವರೆಗೆ ಮಾವಳ, ಮುಳಶಿಯ ಕಾಡಂಚಿನಲ್ಲಿ ಮಿಂಚುಹುಳ ತುಂಬಿರುತ್ತವೆ. ಅಂಗಳದ ದೀಪ ಆರಿಸಿ, ಮೊಬೈಲ್ ಟಾರ್ಚ್ ಬೇಡ. ಭತ್ತದ ನಾಟಿಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಹೊಲದ ಕಾಕಾರನ್ನು ಮೊದಲೇ ಕೇಳಿ. ನಾಟಿ ಗುತ್ತಿಗೆಯ ದಿನ ಮಕ್ಕಳು ಕಾಲಡಿ ಸಿಕ್ಕರೆ ನಾಟಿಯವರ ಕೂಲಿ ಕೆಡುತ್ತದೆ. ಕಾಲಿಗೆ ಗಾಯವಿದ್ದ ಮಗುವನ್ನು ನಿಂತ ಕೆಸರುನೀರಿಗೆ ಇಳಿಸಬೇಡಿ, ಇಲಿಜ್ವರ ಹತ್ತುವುದು ಹಾಗೆಯೇ. ಮಾವಳದ ಇಂದ್ರಾಯಣಿ ಅಕ್ಕಿಯನ್ನು ನವೆಂಬರ್-ಡಿಸೆಂಬರಿನಲ್ಲಿ ರೈತರಿಂದಲೇ ಕೊಳ್ಳಬಹುದು. ಹೊಸ ಅಕ್ಕಿಗೆ ನೀರು ಕಡಿಮೆ ಇಡಿ, ಅಂಟಾದರೆ ಅಕ್ಕಿಯನ್ನು ಬೈಯಬೇಡಿ.

ಪುರಂದರದ ಕಡೆ ಇರುವವರಿಗೆ ಡಿಸೆಂಬರ್ ಕೊನೆಯಿಂದ ಜನವರಿಯೆಲ್ಲ ಸೀತನಿ, ಅಂದರೆ ಕೆಂಡದಲ್ಲಿ ಸುಟ್ಟ ಎಳೆ ಜೋಳ. ಇಲ್ಲಿನವರು ಹುರಡಾ ಅನ್ನುತ್ತಾರೆ, ಅಷ್ಟೇ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ (ಅಡುಗೆಯ ನೈವೇದ್ಯ) ಚೆಲ್ಲುವ ಪದ್ಧತಿಯ ಮನೆಯವರಾದರೆ ಎರಡನ್ನೂ ಒಂದೇ ದಿನ ಮಾಡಬಹುದು: ಸಜ್ಜೆ ರೊಟ್ಟಿ, ಎಣಗಾಯಿ, ಹೋಳಿಗೆ ಕಟ್ಟಿಕೊಂಡು ಬೆಳಿಗ್ಗೆ ಹೊಲಕ್ಕೆ. ತೆನೆ ಆರಿಸುವುದೇ ಮುಖ್ಯ. ಕಾಳು ಹಸಿರಾಗಿದ್ದು, ಉಗುರಿನಿಂದ ಒತ್ತಿದರೆ ಗಟ್ಟಿ ಹಾಲು ಬರಬೇಕು. ನೀರಾಗಿ ಬಂದರೆ ಇನ್ನೂ ನಾಲ್ಕು ದಿನ, ಹಿಟ್ಟಾಗಿ ಒಡೆದರೆ ದಿನ ಮೀರಿದೆ. ಗುಲ್‌ಭೇಂಡಿ, ಸುರ್ತಿ ತಳಿಯಾದರೆ ಸಿಹಿ ಹೆಚ್ಚು. ತಲೆಗೆ ಎಂಟು-ಹತ್ತು ತೆನೆ ಲೆಕ್ಕ ಹಿಡಿಯಿರಿ. ಒಂದಡಿ ಆಳದ ಗುಂಡಿಯಲ್ಲಿ ಕುಳ್ಳು ಹೊತ್ತಿಸಿ, ಉರಿ ಪೂರ್ತಿ ಇಳಿದು ಕೆಂಡವಾದ ಮೇಲೆಯೇ ತೆನೆ ಇಡಿ. ಅವಸರಪಟ್ಟು ಉರಿಯಲ್ಲಿ ಇಟ್ಟರೆ ಹೊರಗೆ ಕರಿ, ಒಳಗೆ ಹಸಿ. ಐದಾರು ನಿಮಿಷ ತಿರುಗಿಸುತ್ತ ಸುಟ್ಟು, ಬಿಸಿಯಿರುವಾಗಲೇ ಗೋಣಿತಟ್ಟಿನಲ್ಲಿ ಸುತ್ತಿ ಉಜ್ಜಿದರೆ ಕಾಳು ಉದುರುತ್ತವೆ, ಆರಿದರೆ ಬಿಡುವುದಿಲ್ಲ. ಮೊರದಲ್ಲಿ ಕೇರಿ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರಿನ ಜೊತೆ ತಿನ್ನಿ. ಸುತ್ತ ಒಣ ಬೆಳೆ ಇರುತ್ತದೆ, ಏಳುವ ಮೊದಲು ಗುಂಡಿಗೆ ಎರಡು ಕೊಡ ನೀರು ಸುರಿದು ಮಣ್ಣು ಮುಚ್ಚಿ.

ವರ್ಷ ಕಳೆದ ಮೇಲೂ ಮನೆಯ ಎಲ್ಲರಿಗೂ, ಮುಖ್ಯವಾಗಿ ಅಡುಗೆಮನೆ ನಡೆಸುವವರಿಗೆ ಇಷ್ಟವಾಗಿದ್ದರೆ, ಆಗ ಜಾಗ ನೋಡಿ. ಮಹಾರಾಷ್ಟ್ರದಲ್ಲಿ ಸಾಗುವಳಿ ಭೂಮಿ ಕೊಳ್ಳಲು ಕೊಳ್ಳುವವರು ರೈತರಾಗಿರಬೇಕು. ಊರಲ್ಲಿ ಪಹಣಿ ಇದೆ ಎಂಬ ಧೈರ್ಯದ ಮೇಲೆ ಮುಂಗಡ ಕೊಡದೆ ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಎನ್‌ಎ, ಅಂದರೆ ಕೃಷಿಯೇತರ ಆದ ಜಾಗಕ್ಕೆ ಈ ತೊಡಕಿಲ್ಲ, ಅದರ ದಾಖಲೆಯ ಪ್ರತಿ ಕೇಳಿ. ಇಲ್ಲಿನ ಪಹಣಿಯಾದ ಸಾತ್‌ಬಾರಾದಲ್ಲಿ 'ಇತರ ಹಕ್ಕು' ಕಾಲಂ ಓದಿ, ಸಾಲ, ಕುಳ (ಗೇಣಿದಾರ) ಅಲ್ಲಿ ಕಾಣುತ್ತವೆ. ಭೋಗವಟಾದಾರ್ (ಹಿಡುವಳಿದಾರ) ವರ್ಗ 2 ಎಂದಿದ್ದರೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಐದು-ಹತ್ತು ಗುಂಟೆಯ ಫಾರ್ಮ್‌ಹೌಸ್ ಪ್ಲಾಟೆಂದು ಮಾರುವ ಕಡೆ ಒಂದೇ ಸಾತ್‌ಬಾರಾದ ಮೇಲೆ ಇಪ್ಪತ್ತು ಹೆಸರು ಇರಬಹುದು. ಬೇಲಿ ನಿಮ್ಮದು, ಗಡಿ ಯಾರದೂ ಅಲ್ಲ. ಬೇರೆಯೇ ಗಟ್ ನಂಬರ್ (ಸರ್ವೆ ನಂಬರ್) ಅಥವಾ ಪೋಟ್ ಹಿಸ್ಸಾ (ಅದರ ಉಪಭಾಗ), ಮೋಜಣಿ (ಅಳತೆ) ನಕ್ಷೆ ಎರಡೂ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.